ಕೈಗೆ ಒಗ್ಗದ ಕುಂಚ

ಚಿತ್ರಕಲೆಯ ವಿದ್ಯಾರ್ಥಿಗಳಿಗೆ ಕೊನೆಯ ವರ್ಷದಲ್ಲಿ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: ‘ನಿನ್ನ ಶೈಲಿ ಯಾವುದು?’ ಪ್ರದರ್ಶನ ನೋಡಲು ಬಂದ ಹಿರಿಯ ಕಲಾವಿದರು ಇದನ್ನು ಕೇಳುತ್ತಾರೆ; ಚಿತ್ರ ಕೊಳ್ಳಬಯಸುವವರು ಕೇಳುತ್ತಾರೆ; ‘ಮುಂದೆ ಏನು ಮಾಡ್ತೀಯಮ್ಮ?’ ಎಂದು ವಿಚಾರಿಸುವ ನೆಂಟರಿಷ್ಟರೂ ತಮ್ಮದೇ ಮಾತಿನಲ್ಲಿ ಅದನ್ನೇ ಕೇಳುತ್ತಾರೆ. ತುಮಕೂರಿನ ಕಲಾಶಾಲೆಯೊಂದರಲ್ಲಿ ಓದುತ್ತಿರುವ ನನಗೂ ಈ ವರ್ಷ ಆ ಪ್ರಶ್ನೆ ಬಂದಿದೆ. ವರ್ಷಾಂತ್ಯದ ಪ್ರದರ್ಶನಕ್ಕೆ ನಾವು ಪ್ರತಿಯೊಬ್ಬರೂ ಒಂದೇ ಮಾಧ್ಯಮದಲ್ಲಿ ರಚಿಸಿದ ಚಿತ್ರಸರಣಿಯೊಂದನ್ನು ಒಪ್ಪಿಸಬೇಕು. ಮಾಧ್ಯಮ ಯಾವುದೆಂಬ ಆಯ್ಕೆ ನಮ್ಮದೇ.

ಮೇಲುನೋಟಕ್ಕೆ ಇದು ಸುಲಭದ ಆಯ್ಕೆ. ಪ್ರೌಢಶಾಲೆಯ ದಿನಗಳಿಂದಲೂ ನಾನು ಜಲವರ್ಣದಲ್ಲಿ ಚಿತ್ರ ಬರೆಯುತ್ತ ಬಂದವಳು. ದೇವರಾಯನದುರ್ಗದ ಬಂಡೆಗಳು, ತುಮಕೂರಿನ ಅಮಾನಿಕೆರೆಯ ಏರಿ, ಮಂಡಿಪೇಟೆಯ ಹಳೆಯ ಅಂಗಡಿಗಳ ಸಾಲು ಇವೆಲ್ಲವನ್ನೂ ಬರೆದು ನಾಲ್ಕು ಜನರ ಮೆಚ್ಚುಗೆಯನ್ನು ಪಡೆದಿದ್ದೇನೆ. ಅದನ್ನೇ ಮುಂದುವರಿಸಿದರೆ ಅಂಕಗಳಿಗೂ ಕೊರತೆಯಿಲ್ಲ, ಹೆಸರಿಗೂ ಕೊರತೆಯಿಲ್ಲ. ಆದರೆ ಕಳೆದ ಎರಡು ವರ್ಷಗಳಲ್ಲಿ ನಮ್ಮ ಗುರುಗಳು ಕೈಗೆ ಒಗ್ಗದ ಮಾಧ್ಯಮಗಳನ್ನೂ ಕಣ್ಣಿಗೆ ಪರಿಚಯವಿಲ್ಲದ ಶೈಲಿಗಳನ್ನೂ ಒಂದರ ಹಿಂದೊಂದರಂತೆ ನಮ್ಮ ಮುಂದಿಟ್ಟರು. ಅವುಗಳನ್ನು ಹಾದು ಬಂದ ಮೇಲೆ ಹಳೆಯ ಉತ್ತರ ನನಗೆ ಅಷ್ಟು ಸಲೀಸಾಗಿ ಬಾಯಿಗೆ ಬರುತ್ತಿಲ್ಲ. ಶೈಲಿ ಎಂದು ನಾವು ಕರೆಯುವುದರಲ್ಲಿ ನಮ್ಮ ಕಾಣ್ಕೆಯ ಪಾಲು ಎಷ್ಟು, ಕೈಯ ರೂಢಿಯ ಪಾಲು ಎಷ್ಟು ಎಂಬ ಸಂದೇಹ ಒಳಹೊಕ್ಕಿದೆ.

ಬಿಳಿಗೆ ಎರಡು ಅರ್ಥ

ಜಲವರ್ಣದಲ್ಲಿ ಬಿಳಿ ಎಂಬುದು ಹಚ್ಚುವ ಬಣ್ಣವಲ್ಲ, ಉಳಿಸಿಕೊಳ್ಳುವ ಜಾಗ. ಕಾಗದದ ಬಿಳುಪೇ ಅಲ್ಲಿ ಬೆಳಕು. ಪಾರದರ್ಶಕವಾದ ಬಣ್ಣದ ಪದರವನ್ನು ದಾಟಿ ಹೋದ ಬೆಳಕು ಕಾಗದಕ್ಕೆ ತಾಗಿ ಮರಳಿ ಕಣ್ಣಿಗೆ ಬರುತ್ತದೆ. ಆದುದರಿಂದಲೇ ಆ ಚಿತ್ರಗಳಿಗೆ ಒಳಗಿನಿಂದ ಹೊಳೆಯುವ ಗುಣ. ಚಿತ್ರಕಾರನು ತಿಳಿಬಣ್ಣದಿಂದ ಗಾಢಬಣ್ಣದ ಕಡೆಗೆ ಸಾಗಬೇಕು. ಎಲ್ಲಿ ಬೆಳಕು ಬೇಕೋ ಆ ಜಾಗವನ್ನು ಮೊದಲೇ ಮನಸ್ಸಿನಲ್ಲಿ ಗುರುತಿಸಿ, ಮುಟ್ಟದೆ ಬಿಡಬೇಕು. ಒಮ್ಮೆ ಹರಿದ ಬಣ್ಣವನ್ನು ಹಿಂದಕ್ಕೆ ಕರೆಯುವುದು ಕಷ್ಟ.

ತೈಲವರ್ಣದ ದಾರಿ ಇದಕ್ಕೆ ತದ್ವಿರುದ್ಧ. ಅಲ್ಲಿ ಸಾಮಾನ್ಯವಾಗಿ ಗಾಢದಿಂದ ಬೆಳಕಿನ ಕಡೆಗೆ ಪಯಣ. ಬಿಳಿಯು ಎಲ್ಲರಿಗಿಂತ ಕೊನೆಗೆ, ದಪ್ಪವಾಗಿ ಬಂದು ಕೂರುತ್ತದೆ. ನೀರಿನ ಬಣ್ಣ ನೀರು ಆವಿಯಾದೊಡನೆ ಒಣಗುತ್ತದೆ. ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣವಾದರೋ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಮೇಲ್ಮೈ ಕೈಗೆ ಅಂಟದಿರಲು ದಿನಗಳು ಬೇಕು. ಒಳಗೆ ಪೂರ್ತಿಯಾಗಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರಗಳಲ್ಲಿ ಹೆಚ್ಚು ಇರಬೇಕೆಂಬುದು ಅಲ್ಲಿಯ ಮೊದಲ ನಿಯಮ. ಇಲ್ಲವಾದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಆಮೇಲೆ ಕದಲಿ, ಚಿತ್ರ ಬಿರುಕು ಬಿಡುತ್ತದೆ. ಜಲವರ್ಣದವರು ಓಡುವ ಜನ, ತೈಲವರ್ಣದವರು ಕಾಯುವ ಜನ ಎಂದು ನಮ್ಮ ತರಗತಿಯಲ್ಲಿ ತಮಾಷೆಯಾಗಿ ಹೇಳಿಕೊಳ್ಳುತ್ತೇವೆ.

ಅಮಾನಿಕೆರೆಯ ಏರಿಯನ್ನು ನಾನು ಜಲವರ್ಣದಲ್ಲಿ ಎಷ್ಟೋ ಸಲ ಬರೆದಿದ್ದೆ. ಅದನ್ನೇ ತೈಲವರ್ಣದಲ್ಲಿ ಬರೆಯಲು ಕುಳಿತಾಗ ಮೊದಲು ಕತ್ತಲೆಯನ್ನು ಹುಡುಕಬೇಕಾಯಿತು. ಏರಿಯ ಕೆಳಗೆ, ನೀರು ಕಲ್ಲನ್ನು ಮುಟ್ಟುವ ಕಡೆ, ಹಸಿರೂ ಕಂದೂ ಬೆರೆತ ದಟ್ಟವಾದ ನೆರಳಿನ ಪಟ್ಟಿಯೊಂದಿದೆ. ಅಷ್ಟು ವರ್ಷ ಕಣ್ಣೆದುರೇ ಇದ್ದ ಆ ಪಟ್ಟಿ ಅಂದು ನನಗೆ ಕಂಡಿತು. ಕೆರೆ ಅದೇ, ಕಣ್ಣೂ ಅದೇ. ಬದಲಾದದ್ದು ಕೈಯಲ್ಲಿದ್ದ ಸಾಮಗ್ರಿ ಮಾತ್ರ. ಬೆಳಕಿನಿಂದಲೇ ಆರಂಭಿಸುವ ಕೈ ಕಣ್ಣನ್ನೂ ಬೆಳಕಿನ ಕಡೆಗೇ ನಡೆಸಿಕೊಂಡು ಹೋಗುತ್ತದೆ. ನಾವು ನೋಡಿದ್ದನ್ನು ಕೈ ಬರೆಯುತ್ತದೆ ಎಂದುಕೊಳ್ಳುತ್ತೇವೆ. ಕೈ ಬರೆಯಬಲ್ಲದ್ದನ್ನು ಮಾತ್ರ ಕಣ್ಣು ನೋಡುತ್ತದೆ ಎಂಬುದೂ ಅಷ್ಟೇ ನಿಜ.

ನೆರಳಿಲ್ಲದ ಲೋಕ

ಇನ್ನೂ ದೂರದ ಅನುಭವವಾದದ್ದು, ವಿಚಿತ್ರವೆಂದರೆ, ನಮ್ಮದೇ ನಾಡಿನ ಮೈಸೂರು ಸಾಂಪ್ರದಾಯಿಕ ಶೈಲಿ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಅರಳಿದ ಈ ಶೈಲಿಯಲ್ಲಿ ಎಲ್ಲವೂ ತಾಳ್ಮೆಯ ಕೆಲಸ. ಹುಣಿಸೆಯ ಕಡ್ಡಿಗಳನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲ ರೇಖೆ. ಅಳಿಲಿನ ಕೂದಲಿನ ಕುಂಚದಿಂದ ಸೂಕ್ಷ್ಮ ರೇಖೆ. ಒಡವೆ, ಕಿರೀಟ, ಕಂಬ, ತೋರಣಗಳಿಗೆ ಮಕ್ಕಿ ಸಫೇದ ಎಂಬ ಲೇಪದಿಂದ ಎಳೆ ಎಳೆಯಾಗಿ ಎತ್ತರಿಸಿದ ಉಬ್ಬು ಕೆಲಸ. ಅದರ ಮೇಲೆ ಅಪ್ಪಟ ಚಿನ್ನದ ರೇಕು. ತಂಜಾವೂರಿನ ಚಿತ್ರಗಳಲ್ಲಿ ಉಬ್ಬು ದಪ್ಪನಾಗಿ ಎದ್ದು ಕಾಣುತ್ತದೆ, ಕಲ್ಲುಗಳನ್ನೂ ಕೂರಿಸುತ್ತಾರೆ. ಮೈಸೂರಿನ ಉಬ್ಬು ಬೆರಳಿಗೆ ತಿಳಿಯುವಷ್ಟು ಮಾತ್ರ.

ಈ ಶೈಲಿಯಲ್ಲಿ ಕೆಲಸ ಮಾಡುವಾಗ ನನ್ನ ಕೈಗೆ ಗೊತ್ತಿದ್ದ ಯಾವುದೂ ಉಪಯೋಗಕ್ಕೆ ಬರಲಿಲ್ಲ. ಬೆಳಕು ಎಡಗಡೆಯಿಂದ ಬರುತ್ತದೆಯೋ ಬಲಗಡೆಯಿಂದಲೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಬೀಳುವ ನೆರಳೇ ಅಲ್ಲಿಲ್ಲ. ಎದುರಿಗೆ ಕುಳಿತ ವ್ಯಕ್ತಿಯ ಮುಖವನ್ನು ನೋಡಿ ಬರೆಯುವುದಿಲ್ಲ. ಅಂಗಾಂಗಗಳ ಅಳತೆ, ಕೈಯ ಮುದ್ರೆ, ಮೈಬಣ್ಣ ಇವೆಲ್ಲ ಪರಂಪರೆ ಗೊತ್ತುಪಡಿಸಿದ ಲಕ್ಷಣಗಳಿಗೆ ಅನುಗುಣವಾಗಿರಬೇಕು. ‘ಹಾಗಾದರೆ ಬರೆಯುವವರ ಸ್ವಾತಂತ್ರ್ಯ ಎಲ್ಲಿ?’ ಎಂದು ನಮ್ಮಲ್ಲೊಬ್ಬರು ಕೇಳಿದರು. ಮೈಸೂರು ಶೈಲಿ ಕಲಿಸಲು ಬಂದಿದ್ದ ಹಿರಿಯರು ಉತ್ತರಿಸಲಿಲ್ಲ. ಮುಗಿದ ಚಿತ್ರವೊಂದನ್ನು ಕೋಣೆಯ ಮೂಲೆಯಲ್ಲಿಟ್ಟು, ಕಿಟಕಿ ಮುಚ್ಚಿ, ಎಣ್ಣೆಯ ದೀಪವೊಂದನ್ನು ಹಚ್ಚಿ ತೋರಿಸಿದರು. ಹಗಲಿನಲ್ಲಿ ಬರಿಯ ಹಳದಿಯಾಗಿ ಕಾಣುತ್ತಿದ್ದ ಚಿನ್ನ ದೀಪದ ಅಲುಗಾಟಕ್ಕೆ ಸರಿಯಾಗಿ ಉಸಿರಾಡತೊಡಗಿತು. ಚಿತ್ರದೊಳಗೆ ಬೆಳಕನ್ನು ಬರೆಯುವುದು ಒಂದು ಬಗೆ. ಹೊರಗಿನ ಬೆಳಕು ಬಂದು ಕೂರಲು ಜಾಗ ಮಾಡಿಕೊಡುವುದು ಇನ್ನೊಂದು ಬಗೆ. ಆ ಬಗೆಯನ್ನು ಪುಸ್ತಕದಲ್ಲಿ ಓದಿ ತಿಳಿದಿದ್ದೆ. ಉಗುರಿನಷ್ಟು ಜಾಗಕ್ಕೆ ರೇಕು ಅಂಟಿಸಿ, ಉಸಿರು ಬಿಗಿಹಿಡಿದು ಉಜ್ಜಿದ ಮೇಲೆಯೇ ಅದು ನನ್ನದಾಯಿತು.

ಮನೆ ಬಿಟ್ಟು ಹೋದವರು

ಕಲೆಯ ಚರಿತ್ರೆಯಲ್ಲಿ ನನ್ನನ್ನು ಹೆಚ್ಚಾಗಿ ಸೆಳೆಯುವವರು ಹೀಗೆ ತಮ್ಮ ಮಾಧ್ಯಮದ ಮನೆ ಬಿಟ್ಟು ಹೋದವರು. ನಮ್ಮವರೇ ಆದ ಕೆ. ವೆಂಕಟಪ್ಪನವರನ್ನು (1886–1965) ನೋಡಿ. ಮೈಸೂರು ಅರಮನೆಗಾಗಿ ಚಿತ್ರ ಬರೆಯುತ್ತಿದ್ದ ಮನೆತನದಲ್ಲಿ ಹುಟ್ಟಿದ ಅವರು 1909ರಲ್ಲಿ ಕಲ್ಕತ್ತೆಗೆ ಹೋಗಿ ಅಬನೀಂದ್ರನಾಥ ಠಾಕೂರರ ಶಿಷ್ಯರಾದರು. ಅಲ್ಲಿ ಕಲಿತದ್ದು ವಾಶ್ ಎಂಬ ಪದ್ಧತಿ. ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಮತ್ತೆ ಬಣ್ಣ ಹಚ್ಚಿ, ಮತ್ತೆ ನೆನೆಸಿ, ಬಣ್ಣ ಕಾಗದದ ನಾರಿನೊಳಗೆ ಇಳಿಯುವಂತೆ ಮಾಡುವುದು. ಅಬನೀಂದ್ರರೂ ಇದನ್ನು ಹುಟ್ಟಿನಿಂದ ಬಲ್ಲವರಲ್ಲ. 1903ರಲ್ಲಿ ಕಲ್ಕತ್ತೆಗೆ ಬಂದಿದ್ದ ಜಪಾನಿನ ಚಿತ್ರಕಾರರು ಕೆಲಸ ಮಾಡುವುದನ್ನು ನೋಡಿ ತಮ್ಮದಾಗಿಸಿಕೊಂಡವರು. ವೆಂಕಟಪ್ಪನವರು ಅಲ್ಲಿಗೂ ನಿಲ್ಲಲಿಲ್ಲ. ಊಟಿಯ ಮಂಜನ್ನೂ ಬೆಟ್ಟಗಳನ್ನೂ ಜಲವರ್ಣದಲ್ಲಿ ಬರೆದರು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನು ರಚಿಸಿದರು. ಸಾಲದೆಂಬಂತೆ ವೀಣೆ ಶೇಷಣ್ಣನವರ ಬಳಿ ವೀಣೆಯನ್ನೂ ಕಲಿತರು. ಇಷ್ಟಾಗಿಯೂ ಅವರ ಯಾವ ಕೃತಿಯನ್ನು ನೋಡಿದರೂ ಅದೇ ಶಿಸ್ತು, ಅದೇ ಏಕಾಂತ ಎದ್ದು ಕಾಣುತ್ತದೆ. ಮಾಧ್ಯಮ ಬದಲಾದಾಗ ಕಳೆದುಹೋಗದೆ ಉಳಿದದ್ದೇ ಅವರ ಶೈಲಿಯೆನ್ನಬೇಕು.

ಬಂಗಾಳದ ಜಾಮಿನಿ ರಾಯ್ (1887–1972) ಅವರದು ಇನ್ನೊಂದು ಬಗೆಯ ಸಾಹಸ. ಕಲ್ಕತ್ತೆಯ ಕಲಾಶಾಲೆಯಲ್ಲಿ ಪಾಶ್ಚಾತ್ಯ ಕ್ರಮವನ್ನು ಕಲಿತು, ತೈಲವರ್ಣದ ಭಾವಚಿತ್ರಗಳಿಂದ ಜೀವನ ಸಾಗಿಸುತ್ತಿದ್ದ ಅವರು, 1920ರ ದಶಕದಲ್ಲಿ ಅದನ್ನು ಬಿಟ್ಟು ಹಳ್ಳಿಯ ಪಟಚಿತ್ರಕಾರರ ದಾರಿ ಹಿಡಿದರು. ಮಣ್ಣಿನ ಬಣ್ಣ, ಸೀಮೆಸುಣ್ಣ, ಹುಣಿಸೆಬೀಜದ ಅಂಟು ಅವರ ಸಾಮಗ್ರಿಗಳಾದವು. ಕ್ರೈಸ್ತರಲ್ಲದ ಅವರು ಆ ದುಂಡು ರೇಖೆ ಮತ್ತು ಅಗಲ ಕಣ್ಣುಗಳಲ್ಲಿ ಕ್ರಿಸ್ತನನ್ನು ಮತ್ತೆ ಮತ್ತೆ ಬರೆದರು. ಅದೇ ಕಾಲದಲ್ಲಿ ಗೋವೆಯಲ್ಲಿ ಹುಟ್ಟಿದ ಆಂಜೆಲೊ ಡ ಫೊನ್ಸೆಕ (1902–1967) ಮುಂಬಯಿಯ ಕಲಾಶಾಲೆಯನ್ನು ಬಿಟ್ಟು ಶಾಂತಿನಿಕೇತನಕ್ಕೆ ಹೋದರು. ಸೀರೆಯುಟ್ಟ ಮರಿಯಮ್ಮನನ್ನು ಬರೆದರು. ಯೂರೋಪಿನ ಉಡುಪಿನ ಮರಿಯಮ್ಮನನ್ನೇ ನೋಡಿ ಬೆಳೆದವರು ಅದನ್ನು ಒಪ್ಪದೆ ಹೋದಾಗ ಪುಣೆಯ ಆಶ್ರಮವೊಂದರಲ್ಲಿ ನೆಲೆಸಿ ಕೆಲಸ ಮುಂದುವರಿಸಿದರು. ಅಪರಿಚಿತ ಶೈಲಿಯ ಬೆಲೆಯನ್ನು ಬರೆಯುವವರು ಮಾತ್ರವಲ್ಲ, ನೋಡುವವರೂ ತೆರಬೇಕಾಗುತ್ತದೆ. ನೋಡುವ ಕಣ್ಣಿಗೂ ರೂಢಿಯುಂಟು.

ಇವರೆಲ್ಲ ಹೊಸ ಮಾಧ್ಯಮವನ್ನು ಅರಸಿ ಹೋದರೆ, ತನ್ನ ಮಾಧ್ಯಮವನ್ನೇ ಹೊತ್ತು ಅಪರಿಚಿತ ನಾಡಿಗೆ ಬಂದವರೂ ಇದ್ದಾರೆ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ ಮತ್ತು ಛಾವಣಿಗಳನ್ನು ಚಿತ್ರಗಳಿಂದ ತುಂಬಿದ ಇಟಲಿಯ ಜೆಸ್ವಿತ್ ಸಹೋದರ ಅಂತೋನಿಯೊ ಮೊಸ್ಕೇನಿ (1854–1905) ಅಂಥವರು. ಅಲ್ಲಿಯ ಭಿತ್ತಿಚಿತ್ರಗಳು ಹಸಿ ಸುಣ್ಣದ ಗಾರೆಯ ಮೇಲಿನ ಕೆಲಸ. ಗಾರೆ ಒದ್ದೆಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯ ಇಂಗಾಲಾಮ್ಲವನ್ನು ಹೀರಿ ಮರಳಿ ಕಲ್ಲಾಗುವಾಗ ಬಣ್ಣವೂ ಆ ಕಲ್ಲಿನ ಭಾಗವಾಗುತ್ತದೆ. ಆ ದಿನ ಮುಗಿಸಬಲ್ಲಷ್ಟೇ ಗಾರೆಯನ್ನು ಆ ದಿನ ಮೆತ್ತಬೇಕು. ತಿದ್ದಬೇಕಾದರೆ ಗಾರೆಯನ್ನೇ ಕೆತ್ತಿ ತೆಗೆಯಬೇಕು. ಇಟಲಿಯಲ್ಲಿ ಕಲಿತ ಈ ಲೆಕ್ಕಾಚಾರವನ್ನು ಕರಾವಳಿಯ ಬೆವರು, ಮಳೆ, ಉಪ್ಪುಗಾಳಿಗಳ ನಡುವೆ ನಡೆಸುವುದೆಂದರೆ ಬಲ್ಲ ವಿದ್ಯೆಯನ್ನೇ ಮತ್ತೊಮ್ಮೆ ಕಲಿತಂತೆ. ಹಳೆಯ ಮಾಧ್ಯಮವೂ ಹೊಸ ನೆಲದಲ್ಲಿ ಹೊಸದೇ.

ಗುಬ್ಬಿಯ ಪರದೆ

ಈ ದೊಡ್ಡವರ ಮಾತು ಹೀಗಿರಲಿ. ನನ್ನನ್ನು ಅಲುಗಾಡಿಸಿದ ಮಾಧ್ಯಮ ನನ್ನ ಮನೆಯ ಅಟ್ಟದ ಮೇಲೆಯೇ ಇತ್ತು.

ನನ್ನ ತಾತ ಗುಬ್ಬಿಯವರು. ಗುಬ್ಬಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ನಾಟಕ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ, ಮುಂದೆ ಅದನ್ನು ನಾಡಿನಾದ್ಯಂತ ಮೆರೆಸಿದ ಗುಬ್ಬಿ ವೀರಣ್ಣನವರು (1891–1972), ನಿಜವಾದ ಆನೆ ಕುದುರೆಗಳು ರಂಗಕ್ಕೆ ಬಂದ ಅವರ ‘ಕುರುಕ್ಷೇತ್ರ’ ಇವೆಲ್ಲ ಚರಿತ್ರೆಯಲ್ಲಿ ಸೇರಿವೆ. ನನ್ನ ತಾತ ಆ ಕಂಪನಿಯಲ್ಲಿದ್ದವರಲ್ಲ. ಆ ಕಂಪನಿಯ ವೈಭವವನ್ನು ಕಂಡು ತಾವೂ ನಾಟಕವಾಡಲು ಹೊರಟ ಸುತ್ತಮುತ್ತಲ ಹಳ್ಳಿಗಳವರಿಗೆ ಪರದೆ ಬರೆದುಕೊಡುತ್ತಿದ್ದವರು. ಕಾಡಿನ ಪರದೆ, ಬೀದಿಯ ಪರದೆ, ಅರಮನೆಯ ದರ್ಬಾರಿನ ಪರದೆ. ಈ ಮೂರಿದ್ದರೆ ಯಾವ ಪೌರಾಣಿಕ ನಾಟಕವೂ ನಡೆಯುತ್ತಿತ್ತು. ಇಂದಿಗೂ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಬಾಡಿಗೆಯ ಸೀನರಿ ಕಟ್ಟಿ ಬೆಳಗಿನವರೆಗೆ ಕುರುಕ್ಷೇತ್ರ ಆಡುವುದನ್ನು ಓದುಗರಲ್ಲಿ ಹಲವರು ಕಂಡಿರಬಹುದು.

ತಾತ ಬರೆದ ಪರದೆಗಳಲ್ಲಿ ನಮ್ಮಲ್ಲಿ ಉಳಿದಿರುವುದು ಒಂದೇ. ರಥಕ್ಕೆ ಹೂಡಿದ ನಾಲ್ಕು ಬಿಳಿಯ ಕುದುರೆಗಳು. ಅವು ಕುಣಿಗಲ್ಲಿನ ಕುದುರೆ ಫಾರಂ ಬೇಲಿಯ ಹೊರಗೆ ನಿಂತು ತಾತ ನೋಡಿಕೊಂಡು ಬಂದ ಕುದುರೆಗಳೆಂದು ಅಪ್ಪ ಹೇಳುತ್ತಾರೆ. ಹತ್ತಿರದಿಂದ ನೋಡಿದರೆ ಆ ಪರದೆಯಲ್ಲಿ ಕುದುರೆಯೇ ಇಲ್ಲ. ಬೂದು, ನೀಲಿ, ಬಿಳಿಯ ಅಗಲವಾದ ಪಟ್ಟೆಗಳಿವೆ, ಅಷ್ಟೆ. ಇಪ್ಪತ್ತು ಅಡಿ ಹಿಂದೆ ಸರಿದರೆ ಕುದುರೆಗಳು ಕತ್ತೆತ್ತುತ್ತವೆ. ಎರಡು ಅಡಿ ದೂರದ ಕಣ್ಣಿಗಾಗಿ ಬರೆಯುವುದನ್ನು ಕಲಿತ ನನಗೆ ಇದು ಹೊಸ ವ್ಯಾಕರಣ.

ಆ ವ್ಯಾಕರಣವನ್ನು ನನಗೆ ಕಲಿಸಿದವರು ಅಪ್ಪ. ಹುಡುಗನಾಗಿದ್ದಾಗ ತಾತನಿಗೆ ಬಣ್ಣ ಕಲಸಿಕೊಡುತ್ತಿದ್ದುದು ಅವರೇ. ಬಣ್ಣದ ಪುಡಿಗೆ ಬೆರೆಸುವ ಅಂಟು ಸರೇಸು, ಬಡಗಿಗಳು ಬಳಸುವಂಥದು. ರಾತ್ರಿ ನೆನೆಸಿಟ್ಟು, ಮರುದಿನ ಬಿಸಿನೀರಿನ ಪಾತ್ರೆಯಲ್ಲಿ ಇನ್ನೊಂದು ಪಾತ್ರೆಯನ್ನಿಟ್ಟು ಕರಗಿಸಬೇಕು. ಅದು ಬೆಚ್ಚಗಿರುವಾಗಲೇ ಬಣ್ಣ ಕಲಸಬೇಕು. ಅಂಟು ಹೆಚ್ಚಾದರೆ, ಬಿದಿರಿಗೆ ಪರದೆ ಸುತ್ತಿದಾಗ ಬಣ್ಣ ಸೀಳಿ ಉದುರುತ್ತದೆ. ಕಡಿಮೆಯಾದರೆ, ನಟನ ಭುಜ ತಾಗಿದ ಕಡೆಯೆಲ್ಲ ಪುಡಿಯಾಗಿ ಮೆತ್ತಿಕೊಳ್ಳುತ್ತದೆ. ಬೆರಳುಗಳ ನಡುವೆ ಒತ್ತಿ ಬಿಟ್ಟಾಗ ಎಷ್ಟು ಹಿಡಿಯುತ್ತದೆ ಎಂಬುದರಿಂದ ಅದರ ಹದ ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು, ಈ ಬಣ್ಣ ಒದ್ದೆಯಾಗಿದ್ದಾಗ ಕಾಣುವುದಕ್ಕಿಂತ ಒಣಗಿದ ಮೇಲೆ ಬಹಳ ತಿಳಿಯಾಗುತ್ತದೆ. ಬರೆಯುತ್ತಿರುವಾಗ ಕಣ್ಣಿಗೆ ಕಾಣುತ್ತಿರುವುದು ಚಿತ್ರವಲ್ಲ; ನಾಳೆ ಕಾಣಲಿರುವುದೇ ಚಿತ್ರ. ಅದರ ಮೇಲೆ ರಂಗದ ದೀಪದ ಲೆಕ್ಕ ಬೇರೆ. ಪೆಟ್ರೋಮ್ಯಾಕ್ಸಿನ ಹಳದಿ ಬೆಳಕಿನಲ್ಲಿ ಕೆಂಪು ಉರಿಯುತ್ತದೆ, ನೀಲಿ ಮಂಕಾಗುತ್ತದೆ. ‘ನಿನ್ನ ಕಣ್ಣು ನಂಬಬೇಡ ಕಣಮ್ಮ, ನಾಳೆ ನೋಡೋರ ಕಣ್ಣು ನೆನೆಸ್ಕೊ’ ಎಂದು ಅಪ್ಪ ಹೇಳಿದರು. ಇದು ತಾತ ಅವರಿಗೆ ಹೇಳುತ್ತಿದ್ದ ಮಾತಂತೆ.

ಕುಣಿಗಲ್ಲಿನ ಅಕ್ಷರಗಳು

ಅಪ್ಪ ಪರದೆಯ ಕೆಲಸದಲ್ಲಿ ಉಳಿಯಲಿಲ್ಲ. ಮದುವೆಯಾದ ಮೇಲೆ ಕುಣಿಗಲ್ಲಿಗೆ ಬಂದು ಅಂಗಡಿಗಳಿಗೆ ಬೋರ್ಡು ಬರೆಯುವ ಕೆಲಸ ಹಿಡಿದರು. ಬೆಚ್ಚಗಿನ ಸರೇಸಿನ ಬಣ್ಣದಲ್ಲಿ ಪಳಗಿದ್ದ ಕೈ ಎನಾಮಲ್ ಬಣ್ಣಕ್ಕೆ ಒಗ್ಗಬೇಕಾಯಿತು. ತೋಳು ಬೀಸಿ ಬರೆಯುತ್ತಿದ್ದವರು ಕೈ ಊರುವ ಕೋಲಿನ ಮೇಲೆ ಮಣಿಕಟ್ಟಿಟ್ಟು ಬರೆಯುವುದನ್ನು ಕಲಿತರು. ಕನ್ನಡದ ದುಂಡಕ್ಷರ ಚಪ್ಪಟೆ ಬ್ರಶ್ಶಿಗೆ ಸುಲಭವಾಗಿ ಒಲಿಯುವುದಿಲ್ಲ. ತಲೆಕಟ್ಟಿನಿಂದ ಇಳಿದು, ಹೊಟ್ಟೆಯ ಬಾಗನ್ನು ಸುತ್ತಿ, ಕೊಂಬಿನಲ್ಲಿ ಮೇಲೇಳುವಷ್ಟರಲ್ಲಿ ಬೆರಳುಗಳ ನಡುವೆ ಬ್ರಶ್ಶು ಅರ್ಧ ಸುತ್ತು ತಿರುಗಬೇಕು. ಇಲ್ಲವಾದರೆ ಗೆರೆಯ ದಪ್ಪ ಕೆಡುತ್ತದೆ. ಒತ್ತಕ್ಷರಕ್ಕೆ ಕೆಳಗೆ ಜಾಗವಿದೆಯೇ ಎಂದು ಮೊದಲ ಅಕ್ಷರ ಬರೆಯುವ ಮೊದಲೇ ಅಳೆಯಬೇಕು. ಕುಣಿಗಲ್ ಪೇಟೆಯ ಎಷ್ಟೋ ಅಂಗಡಿಗಳ ಹೆಸರನ್ನು ನಾನು ಅಪ್ಪನ ಕೈಬರಹದಲ್ಲಿಯೇ ಓದಲು ಕಲಿತೆ.

ನಾನು ಹುಟ್ಟಿದ ಕಾಲಕ್ಕೆ ಫ್ಲೆಕ್ಸ್ ಬಂತು. ಎರಡು ದಿನದ ಬೋರ್ಡು ಎರಡು ಗಂಟೆಯಲ್ಲಿ ಅಚ್ಚಾಗಿ ಬರತೊಡಗಿತು. ಬೆಲೆಯೂ ಅಗ್ಗ, ಫೋಟೋ ಬೇರೆ. ಕೆಲವೇ ವರ್ಷಗಳಲ್ಲಿ ಬೋರ್ಡು ಬರೆಯುವವರ ಕೈಗೆ ಕೆಲಸವಿಲ್ಲದಂತಾಯಿತು. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ಕಿನೊಡನೆ ಫ್ಲೆಕ್ಸನ್ನೂ ನಿಷೇಧಿಸಿತು. ಆದರೆ ಅಷ್ಟರಲ್ಲಿ ಅಪ್ಪನ ಜೊತೆಗಾರರಲ್ಲಿ ಹೆಚ್ಚಿನವರು ಬ್ರಶ್ಶು ಕೆಳಗಿಟ್ಟಾಗಿತ್ತು. ಅಪ್ಪ ಬಹಳ ಕಾಲ ಮನೆಗಳಿಗೆ ಸುಣ್ಣಬಣ್ಣ ಬಳಿಯುವ ಕೆಲಸಕ್ಕೆ ಹೋದರು. ಆಮೇಲೆ ಸರ್ಕಾರಿ ಶಾಲೆಗಳ ಗೋಡೆಯ ಮೇಲೆ ವರ್ಣಮಾಲೆ, ಭಾರತದ ನಕಾಶೆ, ಹಕ್ಕಿಪಕ್ಷಿಗಳನ್ನು ಬರೆಯುವ ಕೆಲಸ ಸಿಗತೊಡಗಿತು. ಅಲ್ಲಿ ಎನಾಮಲ್ ಅಲ್ಲ, ನೀರಿನಲ್ಲಿ ಕಲಸುವ ಎಮಲ್ಶನ್. ಅದು ಬೇಗ ಒಣಗುತ್ತದೆ. ಎನಾಮಲ್‌ನಂತೆ ಹರಿದು ಗೆರೆಯನ್ನು ತಾನೇ ನಯಗೊಳಿಸಿಕೊಳ್ಳುವುದಿಲ್ಲ. ನಲವತ್ತು ದಾಟಿದ ಅಪ್ಪ ಮೂರನೆಯ ಸಲ ಅ ಆ ಇ ಈ ಕಲಿತರು, ಮಕ್ಕಳಿಗಾಗಿ ಅದನ್ನೇ ಬರೆಯುತ್ತ.

ಕಲಾಶಾಲೆಯಲ್ಲಿ ಹೊಸ ಮಾಧ್ಯಮಗಳನ್ನು ಕಲಿಯುವ ಸಂಭ್ರಮವನ್ನು ನಾನೊಮ್ಮೆ ಅವರಿಗೆ ವರ್ಣಿಸುತ್ತಿದ್ದೆ. ಅಪರಿಚಿತವಾದುದನ್ನು ಕೈಗೆತ್ತಿಕೊಂಡಾಗಲೇ ಕಲಾವಿದ ಬೆಳೆಯುವುದು ಎಂದು ಎಲ್ಲೋ ಕೇಳಿದ್ದ ಮಾತನ್ನೂ ಸೇರಿಸಿದೆ. ಅಪ್ಪ ಬ್ರಶ್ಶು ತೊಳೆಯುತ್ತಲೇ ಹೇಳಿದರು: ‘ನಿನಗೆ ಮೇಷ್ಟ್ರು ಕಲಿಸ್ತಾರೆ ಕಣಮ್ಮ, ನನಗೆ ಹೊಟ್ಟೆ ಕಲಿಸ್ತು.’ ಅವರ ದನಿಯಲ್ಲಿ ದೂರಿರಲಿಲ್ಲ. ಇದ್ದ ಸಂಗತಿಯನ್ನು ಇದ್ದಂತೆ ಹೇಳಿದ್ದರು.

ಆ ಮಾತು ನನ್ನನ್ನು ಬಿಟ್ಟಿಲ್ಲ. ಹೊಸ ಮಾಧ್ಯಮವನ್ನು ಇಷ್ಟಪಟ್ಟು ಕೈಗೆತ್ತಿಕೊಳ್ಳುವುದು ಬೇರೆ, ಬಲ್ಲ ಮಾಧ್ಯಮವೇ ಕೈಯಿಂದ ಜಾರಿಹೋಗುವುದು ಬೇರೆ. ನಾಲ್ಕು ಗೋಡೆಗಳ ನಡುವೆ, ಊಟ ಬಟ್ಟೆಯ ಚಿಂತೆಯಿಲ್ಲದೆ, ಬಣ್ಣ ಕೆಟ್ಟರೆ ಇನ್ನೊಂದು ಹಾಳೆ ತೆಗೆದುಕೊಳ್ಳಬಲ್ಲ ನನಗೆ ಹೊಸಬಳಾಗುವುದು ಒಂದು ಸೌಭಾಗ್ಯ. ಅಂಗಡಿಯ ಬಾಗಿಲು ಮುಚ್ಚಿದ ಅಪ್ಪನಿಗೆ ಅದು ಸೌಭಾಗ್ಯವಾಗಿರಲಿಲ್ಲ. ಆದಾಗ್ಯೂ ಕೈ ಕಲಿಯುವ ಬಗೆ ಇಬ್ಬರಿಗೂ ಒಂದೇ. ಅವರಿಗೂ ಹಳೆಯ ರೂಢಿ ಅಡ್ಡ ಬಂತು, ನನಗೂ ಬಂತು. ಹೊಸ ಸಾಮಗ್ರಿಯ ಮುಂದೆ ತಗ್ಗದೆ ಇಬ್ಬರಿಗೂ ಅದು ಒಲಿಯಲಿಲ್ಲ. ಅವರ ಎಮಲ್ಶನ್ ಅಕ್ಷರಗಳನ್ನು ಈಗ ನೋಡಿದರೆ ಎನಾಮಲ್‌ನಲ್ಲಿ ಇರದಿದ್ದ ಒಂದು ಹಗುರತೆ ಕಾಣುತ್ತದೆ. ಅಕ್ಷರದ ಹೊಟ್ಟೆಯ ಬಾಗಿನಲ್ಲಿ ಮಾತ್ರ ಅದೇ ಅರ್ಧ ಸುತ್ತು, ಅದೇ ಕೈ.

ಯಾರ ಶೈಲಿ?

ಇಲ್ಲಿ 'ಯಾರ ಶೈಲಿ?' ಎಂಬ ಪ್ರಶ್ನೆಯನ್ನೂ ತಪ್ಪಿಸಿಕೊಳ್ಳುವಂತಿಲ್ಲ. ಹೊಸ ಶೈಲಿಯ ಹೆಸರಿನಲ್ಲಿ ಇನ್ನೊಬ್ಬರ ಬದುಕಿನ ಭಾಗವಾದುದನ್ನು ಎತ್ತಿಕೊಳ್ಳಬಹುದೇ? ಮಲೆನಾಡಿನ ದೀವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯುವ ಹಸೆ ಚಿತ್ತಾರ ಇಂದು ಕೈಚೀಲಗಳ ಮೇಲೂ ಹೋಟೆಲಿನ ಗೋಡೆಗಳ ಮೇಲೂ ಕಾಣಸಿಗುತ್ತದೆ. ಮದುವೆಯ ಮನೆಯಲ್ಲಿ, ಹಾಡಿನೊಡನೆ, ನಾರಿನ ಕುಂಚದಿಂದ ಮೂಡುವ ರೇಖೆಯನ್ನು ಅಲಂಕಾರವಾಗಿ ನಕಲು ಮಾಡುವುದು ಒಂದು ವಾರದ ಕೆಲಸ. ಆ ರೇಖೆ ಏಕೆ ಅಷ್ಟು ನೇರ, ಆ ಚೌಕದೊಳಗೆ ಏಕೆ ಆ ಎರಡು ಆಕೃತಿ ಎಂದು ತಿಳಿಯುವುದು ವರ್ಷಗಳ ಕೆಲಸ. ಜಾಮಿನಿ ರಾಯ್ ತಮ್ಮ ಶೈಲಿಗಾಗಿ ತೈಲವರ್ಣದ ಸಂಪಾದನೆಯನ್ನು ಬಿಟ್ಟರು. ವೆಂಕಟಪ್ಪನವರು ಏಳು ವರ್ಷ ಊರು ಬಿಟ್ಟಿದ್ದರು. ಏನನ್ನೂ ಬಿಡದೆ ಪಡೆದ ಶೈಲಿ ಬಾಡಿಗೆಯ ಉಡುಪಿನಂತೆ. ನಾಟಕ ಮುಗಿದ ಮೇಲೆ ಹಿಂದಿರುಗಿಸಬೇಕಾದದ್ದು.

ನನ್ನ ಆಯ್ಕೆಯನ್ನು ಈ ಎಲ್ಲವೂ ಸೇರಿ ತೀರ್ಮಾನಿಸಿವೆ. ವರ್ಷಾಂತ್ಯದ ಪ್ರದರ್ಶನಕ್ಕೆ ನಾನು ಜಲವರ್ಣವನ್ನು ಒಪ್ಪಿಸುತ್ತಿಲ್ಲ. ಸರೇಸಿನ ಬಣ್ಣದಲ್ಲಿ ಮೂರು ಪರದೆಗಳನ್ನು ಬರೆಯುತ್ತಿದ್ದೇನೆ: ಗುಬ್ಬಿಯ ರೈಲು ನಿಲ್ದಾಣದ ಮುಂಜಾವು, ಅಮಾನಿಕೆರೆಯ ಏರಿಯ ಕೆಳಗಿನ ಆ ನೆರಳಿನ ಪಟ್ಟಿ, ಮತ್ತು ಬೋರ್ಡುಗಳು ತುಂಬಿದ ಕುಣಿಗಲ್ಲಿನ ಪೇಟೆಬೀದಿ. ಬೋರ್ಡುಗಳ ಅಕ್ಷರವನ್ನು ಅಪ್ಪನ ಕೈಯಲ್ಲಿ ಬರೆಸಬಹುದಿತ್ತು. ಅವರು ಒಪ್ಪಲಿಲ್ಲ. ‘ಪರದೆ ನಿಂದು, ಅಕ್ಷರಾನೂ ನೀನೇ ಕಲಿ’ ಎಂದರು. ಹೀಗಾಗಿ ಪ್ರತಿ ಭಾನುವಾರ ಮಧ್ಯಾಹ್ನ, ಹಳೆಯ ತಗಡೊಂದರ ಮೇಲೆ ತಲೆಕಟ್ಟು ಮತ್ತು ಕೊಂಬುಗಳ ಅಭ್ಯಾಸ ನಡೆದಿದೆ.

ಇದರಲ್ಲಿ ಅಪಾಯವಿಲ್ಲದಿಲ್ಲ. ಗುರುಗಳು ನನ್ನನ್ನು ತಡೆಯಲಿಲ್ಲ. ಆದರೆ ನೀನು ಚೆನ್ನಾಗಿ ಬಲ್ಲದ್ದನ್ನು ತೋರಿಸಿದ್ದರೆ ಮುಂದಿನ ವ್ಯಾಸಂಗಕ್ಕೆ ಅನುಕೂಲವಾಗುತ್ತಿತ್ತು ಎಂದು ಎಚ್ಚರಿಸಿದರು. ಹನ್ನೆರಡು ಅಡಿ ಅಗಲದ ಪರದೆಯನ್ನು ಮನೆಯ ಗೋಡೆಗೆ ಕೊಳ್ಳುವವರಿಲ್ಲ. ಸರೇಸಿಗೆ ತೇವವೂ ಹುಳವೂ ಶತ್ರು. ಜಲವರ್ಣಕ್ಕೆ ನಾನು ಮರಳಿ ಹೋಗುವುದೂ ನಿಶ್ಚಿತ. ಅದು ನನ್ನ ತಾಯ್ನುಡಿಯಂತೆ. ಆದರೆ ಬೇರೆ ನುಡಿಯನ್ನು ಕಲಿತು ಬಂದವರಿಗೆ ತಾಯ್ನುಡಿಯ ಒಂದೊಂದು ಪದವೂ ಹೊಸದಾಗಿ ಕೇಳಿಸುವುದುಂಟು. ಬಿಳಿಯ ಕಾಗದವನ್ನು ಮುಂದಿಟ್ಟುಕೊಂಡಾಗ, ಅಲ್ಲಿ ಬಿಟ್ಟ ಜಾಗವೇ ಬೆಳಕು ಎಂಬುದನ್ನು ನಾನು ಇನ್ನು ಮುಂದೆ ರೂಢಿಯಿಂದಲ್ಲ, ತಿಳಿದು ಮಾಡುವೆನೆಂಬ ನಂಬಿಕೆಯಿದೆ.

ಓದುಗರಲ್ಲಿ ಎಲ್ಲರೂ ಚಿತ್ರ ಬರೆಯುವವರಲ್ಲ. ಆದರೆ ಇಷ್ಟಪಟ್ಟೋ ಇಷ್ಟವಿಲ್ಲದೆಯೋ, ಕೈಗೆ ಒಗ್ಗದ ಸಾಧನವೊಂದನ್ನು ಹಿಡಿಯಬೇಕಾದ ಹೊತ್ತು ಎಲ್ಲರಿಗೂ ಬರುತ್ತದೆ: ನಿವೃತ್ತಿಯ ನಂತರ, ಊರು ಬಿಟ್ಟ ಮೇಲೆ, ಬಲ್ಲ ಕಸುಬಿಗೆ ಬೆಲೆಯಿಲ್ಲದಂತಾದಾಗ. ಅಂಥವರು ನಿಮ್ಮ ಬೀದಿಯಲ್ಲಿದ್ದರೆ ಅವರ ಮೊದಲ ಗೆರೆಗಳನ್ನು ಸ್ವಲ್ಪ ಹಿಂದೆ ಸರಿದು, ದೂರದಿಂದ ನೋಡಿ. ಸರೇಸಿನ ಬಣ್ಣದಂತೆ ಮನುಷ್ಯರ ಕೆಲಸವೂ ಒದ್ದೆಯಾಗಿದ್ದಾಗ ಒಂದು ಬಗೆ, ಒಣಗಿದ ಮೇಲೆ ಇನ್ನೊಂದು ಬಗೆ. ನನ್ನ ಮೊದಲ ಪರದೆಯ ಆಕಾಶಕ್ಕೆ ಇಂದು ಬಣ್ಣ ಹಚ್ಚಿದ್ದೇನೆ. ಈ ಹೊತ್ತಿಗೆ ಅದು ತುಂಬ ಗಾಢವಾಗಿಯೇ ಕಾಣುತ್ತಿದೆ. ಅದರ ನಿಜವಾದ ಬಣ್ಣ ನಾಳೆ ಬೆಳಿಗ್ಗೆ ತಿಳಿಯಲಿದೆ.